ಕೃಷ್ಣೆಯ ಬೆನ್ನುಹತ್ತಿ ಬಂದ ಸಿಟ್ಟು

ಕೆಲವರು ಎಲ್ಲಿಗೆ ಹೋದರೂ ಅವರಿಗೆ ಒಳ್ಳೆಯ ಜಾಗ, ಒಳ್ಳೆಯ ಜನ ಸಿಗುತ್ತಾರಂತೆ. ನನಗೆ ಸಿಟ್ಟು ಸಿಗುತ್ತದೆ. ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಚೀಲ ಹಿಡಿದುಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಆ ಸಿಟ್ಟನ್ನು ಯಾರ ಮುಂದೆ ಹೇಳಿಕೊಂಡರೂ ಅವರು ನಗುತ್ತಾರೆ.

ನಾನು ಬ್ಯಾಂಕ್ ಅಧಿಕಾರಿ. ಗಂಡ ಹುಬ್ಬಳ್ಳಿಯಲ್ಲಿ, ನನ್ನ ವರ್ಗಾವಣೆ ಆಂಧ್ರಕ್ಕೆ. ಮೊದಲು ವಿಶಾಖಪಟ್ಟಣ, ಆಮೇಲೆ ವಿಜಯವಾಡ. ಹೊರಡುವ ದಿನ ಎಲ್ಲರೂ ಅತ್ತರು, ಅಪ್ಪ ಮಾತ್ರ ಖುಷಿಯಾಗಿದ್ದ. ಅಪ್ಪ ಜಮಖಂಡಿ ಕಡೆ ಕೃಷ್ಣಾ ದಂಡೆಯ ಮೇಲೆ ಗೇಜ್ ರೀಡರ್ ಆಗಿದ್ದವನು. ಹೊಳೆಯಲ್ಲಿ ನಿಲ್ಲಿಸಿದ ಅಳತೆಗೋಲು ನೋಡಿ, ಇವತ್ತು ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ದಿನಾ ಬರೆದು ಮೇಲಿನವರಿಗೆ ತಿಳಿಸುವುದು ಅವನ ಕೆಲಸ. ಮೂವತ್ತೆರಡು ವರ್ಷ ಬರೆದ. ಆ ನೀರು ಮುಂದೆ ಏನಾಯಿತೆಂದು ಅವನಿಗೆ ಯಾರೂ ತಿರುಗಿ ಒಂದು ಪತ್ರ ಹಾಕಲಿಲ್ಲ. ಈಗ ಮಗಳೇ ಆ ಕಡೆಗೆ ಹೊರಟಿದ್ದಳಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಪ್ರಶ್ನೆ: "ಏನವಾ, ನಾ ಅಳದು ಕಳಿಸಿದ ನೀರು ಸಮುದ್ರ ಮುಟ್ಟೇತೇನು?" ಮೊಣಕಾಲು ಹೋಗಿ ಅವನಿಗೆ ಪ್ರಯಾಣ ಆಗದು. ನಾನೇ ಕಣ್ಣಾರೆ ನೋಡಿ ಹೇಳಬೇಕು. ಇಷ್ಟು ಸಣ್ಣ ಕೆಲಸ. ಅದಕ್ಕೆ ನಾಲ್ಕು ವರ್ಷ ಹಿಡಿಯಿತು.

೧. ಮೂವರು ಕೃಷ್ಣರು

ವಿಶಾಖಪಟ್ಟಣದಲ್ಲಿ ಸಮುದ್ರವೇನೋ ಇತ್ತು, ಕೃಷ್ಣೆ ಇರಲಿಲ್ಲ. ಅದು ಅಲ್ಲಿಂದ ಬಹಳ ದಕ್ಷಿಣಕ್ಕೆ. ನಮ್ಮ ಶಾಖೆಯಲ್ಲಿ ಯಾರನ್ನು ಕೇಳಿದರೂ, ಎದುರಿಗೇ ಇಂಥ ಬೀಚ್ ಇರುವಾಗ ಹೊಳೆಯ ಕೆಸರು ಯಾಕೆ ಮೇಡಂ ಎನ್ನುವವರೇ. ಒಬ್ಬ ಪುಣ್ಯಾತ್ಮ ಮಾತ್ರ, ಮೀನು ಬಂದರಿಗೆ ಆ ಕಡೆಯ ದೋಣಿಗಳೂ ಬರುತ್ತವೆ, ದಾರಿ ಅವರನ್ನೇ ಕೇಳಿ ಎಂದ.

ಭಾನುವಾರ ಬೆಳಿಗ್ಗೆ ಹೋದೆ. ನನ್ನ ತೆಲುಗು ಆಗ ಮೂರು ತಿಂಗಳ ಕೂಸು. ಮೀನಿನ ರಾಶಿಯ ಮುಂದೆ ಕೂತಿದ್ದ ಹೆಂಗಸನ್ನು "ಕೃಷ್ಣಾ ಎಕ್ಕಡ?" ಎಂದು ಕೇಳಿದೆ. ಕೃಷ್ಣಾ ಎಲ್ಲಿ ಎಂದು. ನಮ್ಮ ಕಡೆ ಕೃಷ್ಣಾ ಅಂದರೆ ಹೊಳೆ, ಬೇರೆ ಅರ್ಥವೇ ಇಲ್ಲ. ಆಕೆ ಯಾವ ಕೃಷ್ಣ ಎಂದಳು. ದೊಡ್ಡ ಕೃಷ್ಣಾ ಎಂದೆ. ಆಕೆ ದೋಣಿಗಳ ಕಡೆ ತಿರುಗಿ ಒಂದು ಕೂಗು ಹಾಕಿದಳು. ಒಂದು ದೋಣಿಯಿಂದ ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತ ಒಬ್ಬ ಇಳಿದ. ಇನ್ನೊಂದರಿಂದ ಬಲೆ ಹೆಗಲಿಗೆ ಹಾಕಿಕೊಂಡು ಮತ್ತೊಬ್ಬ. ಮೂರನೆಯವನು ಅರ್ಧ ಗಡ್ಡ ಹೆರೆದ ಮುಖದಲ್ಲೇ ಓಡಿ ಬಂದ. ಮೂವರೂ ಸಾಲಾಗಿ ನಿಂತರು. ಮೂರನೆಯವನ ಹಿಂದೆಯೇ ಅವನ ಹೆಂಡತಿ ಬುಟ್ಟಿ ಸಮೇತ ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವನ ಹತ್ತಿರ ನಿನಗೇನು ಕೆಲಸ ಎಂದು ಕೇಳಿದಳು.

ಮೈಯೆಲ್ಲ ಉರಿಯಿತು. ಆದರೂ ಹಲ್ಲು ಕಚ್ಚಿಕೊಂಡು, ಇದ್ದಷ್ಟು ತೆಲುಗನ್ನೆಲ್ಲ ಒಟ್ಟುಮಾಡಿ, ನನಗೆ ಈ ಕೃಷ್ಣ ಬೇಡ ತಾಯಿ, ಸಮುದ್ರಕ್ಕೆ ಹೋಗುವ ಕೃಷ್ಣಾ ಬೇಕು ಎಂದೆ.

ಆಕೆ ಬುಟ್ಟಿ ಕೆಳಗಿಟ್ಟಳು. "ಮೂವರೂ ಸಮುದ್ರಕ್ಕೆ ಹೋಗುವವರೇ. ಇವನೊಬ್ಬನನ್ನು ಬಿಟ್ಟು ಯಾರನ್ನಾದರೂ ಕರ್ಕೊಂಡು ಹೋಗು."

೨. ಸಾಕು ಎಂದದ್ದು ತಪ್ಪಾಯಿತು

ವಿಜಯವಾಡಕ್ಕೆ ಬಂದ ಮೇಲೆ ದಾರಿ ಸುಲಭವಾಯಿತು ಎಂದುಕೊಂಡೆ. ಅವನಿಗಡ್ಡ ಎಂಬ ಊರಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಂಸಲದೀವಿ, ಅದರಾಚೆಗೆ ಹೊಳೆ ಸಮುದ್ರ ಸೇರುವ ಸಂಗಮ. ಎರಡನೆಯ ಬಸ್ಸು ಮಧ್ಯಾಹ್ನ ಒಂದೇ ಒಂದು. ನಮ್ಮ ಕ್ಯಾಷಿಯರ್ ಹುಡುಗಿ, ಅವನಿಗಡ್ಡದಲ್ಲಿ ನಮ್ಮ ಅತ್ತೆ ಇದ್ದಾರೆ, ನಡುವೆ ಎರಡು ತುತ್ತು ಉಂಡು ಹೋಗಿ ಎಂದಳು. ಅತ್ತೆಗೆ ಫೋನನ್ನೂ ಮಾಡಿಬಿಟ್ಟಳು.

ಆ ಅತ್ತೆ ಎಲೆ ಹಾಕಿದರು. ಪುಳಿಹೋರ, ಪಪ್ಪು, ಗೋಂಗೂರ, ಎರಡು ಥರ ಪಲ್ಯ. ರುಚಿಯೇನೋ ರುಚಿಯೇ. ನಾನು ಗಡಿಯಾರ ನೋಡುತ್ತ, ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದೆ. ಅವರ ಮುಖ ಗಂಟಾಯಿತು. "ಸಾಕುಲು ಚೆಪ್ಪಕಂಡಿ" ಎಂದು ಇನ್ನೊಂದು ಸೌಟು ಸುರಿದರು. ನಾನು ಗಾಬರಿಯಾಗಿ ಮತ್ತೂ ಜೋರಾಗಿ ಸಾಕು ಎಂದೆ. ಮತ್ತೂ ದೊಡ್ಡ ಸೌಟು ಬಂತು. ಅನ್ನದ ಮೇಲೆ ತುಪ್ಪ, ತುಪ್ಪದ ಮೇಲೆ ಅನ್ನ. ಅಳುವ ದನಿಯಲ್ಲಿ ಆರನೆಯ ಸಲ ಸಾಕು ಎನ್ನುವಾಗ ಹೊರಗೆ ಬಸ್ಸಿನ ಹಾರ್ನ್ ಕೇಳಿತು, ಆಮೇಲೆ ಹೋದದ್ದೂ ಕೇಳಿತು. ನಾನು ಗೋಡೆ ಹಿಡಿದು ಎದ್ದು ಕೈ ತೊಳೆದೆ.

ಮರುದಿನ ಕ್ಯಾಷಿಯರ್ ಹೇಳಿದಳು. ತೆಲುಗಿನಲ್ಲಿ ಸಾಕು ಎಂದರೆ ನೆಪ. ನಾನು ಎಲೆಯ ಮುಂದೆ ಕೂತು "ನೆಪ, ನೆಪ" ಎಂದು ಅರಚುತ್ತಿದ್ದೆ, ಅವರು ನೆಪ ಹೇಳಬೇಡಿ ಎಂದು ಬಡಿಸುತ್ತಿದ್ದರು. ಇಷ್ಟು ಮುಖ್ಯವಾದ ಮಾತಿಗೆ ಬೇರೆ ಅರ್ಥ ಇಟ್ಟುಕೊಳ್ಳಲು ಅವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ಆ ಇಡೀ ವಾರ ಕುದಿದೆ.

ಅಪ್ಪನಿಗೆ ಹೇಳಿದೆ. ಅವನಿಗೆ ಕನಿಕರ ಬರಲಿಲ್ಲ. "ಹೊಳಿ ನೋಡಾಕ ಹೋದಾಕಿ ಅನ್ನದಾಗ ಮುಳುಗಿ ಬಂದಿ ಅನ್ನು."

೩. ಸಾರ್ ಎಲ್ಲಿ?

ಆ ಸೀಮೆಯಲ್ಲಿ ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಲಾಡ್ಜಿನವನು, ಆಟೋದವನು, ಎಳನೀರಿನವನು, ಎಲ್ಲರ ಪ್ರಶ್ನೆಯೂ ಒಂದೇ, "ಸಾರ್ ಎಕ್ಕಡ?" ಸಾರ್ ಎಲ್ಲಿ. ಹುಬ್ಬಳ್ಳಿಯಲ್ಲಿ ಎಂದರೆ ಮುಖದ ತುಂಬ ಅಯ್ಯೋ ಪಾಪ. ಇಪ್ಪತ್ತು ವರ್ಷ ನೌಕರಿ ಮಾಡಿದವಳು, ಒಂದು ಎಳನೀರು ಕುಡಿಯಲು ಗಂಡನ ವಿಳಾಸ ಕೊಡಬೇಕು.

ನಾಗಾಯಲಂಕದ ರೇವಿನಿಂದ ದೋಣಿಯಲ್ಲಿ ಹೊಳೆಯ ಗುಂಟ ಹೋದರೂ ಸಮುದ್ರ ಸಿಗುತ್ತದೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆ. ದೋಣಿಯವನು ಒಬ್ಬಂಟಿ ಹೆಂಗಸನ್ನು ಹತ್ತಿಸುವುದಿಲ್ಲ ಎಂದ. ಸಾರ್ ಬಂದರೆ ಬನ್ನಿ. ನಾನು ವಾದ ಮಾಡಿದೆ, ಕೂಗಾಡಿದೆ, ಬ್ಯಾಂಕಿನ ಐಡಿ ಕಾರ್ಡ್ ತೋರಿಸಿದೆ. ಅವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಹಿಂಭಾಗದಲ್ಲಿ ಸಾರ್ ಇರಬಹುದೇನೋ ಎಂಬಂತೆ.

ಮುಂದಿನ ಭಾನುವಾರ ನಮ್ಮ ಶಾಖೆಯ ಅಟೆಂಡರನ್ನು ಕರೆದುಕೊಂಡು ಹೋದೆ. ನಿವೃತ್ತಿಗೆ ಆರು ತಿಂಗಳಿದ್ದ, ಯಾರಿಗೂ ಎದುರಾಡದ ಮನುಷ್ಯ. ಸುಮ್ಮನೆ ಕೂತಿರಿ, ನೀವು ಸಾರ್ ಅಷ್ಟೇ ಎಂದು ಹೇಳಿದ್ದೆ. ದೋಣಿಯವನು ಅವರಿಗೆ ಕೈಕೊಟ್ಟು ಹತ್ತಿಸಿಕೊಂಡ, ಚಾಪೆ ಹಾಸಿದ, ಯಾವ ಕಡೆ ಹೋಗೋಣ ಎಂದು ಅವರನ್ನೇ ಕೇಳಿದ. ನಾನು ಸಮುದ್ರದ ಕಡೆ ಎಂದೆ. ಅವನು ಅವರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆಯೇ ಎಂಜಿನ್ ಶುರುವಾದದ್ದು.

ಹತ್ತು ನಿಮಿಷ ಹೋಗಿರಬಹುದು. ನಮ್ಮ ಸಾರ್‌ಗೆ ನೀರೆಂದರೆ ಭಯವೆಂದು ನನಗೆ ಆಗ ಗೊತ್ತಾಯಿತು. ಎರಡೂ ಕೈಯಲ್ಲಿ ಅಂಚನ್ನು ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಹಿಂದಕ್ಕೆ ಎಂದರು. ಅಷ್ಟು ಸಾಕಿತ್ತು, ದೋಣಿ ತಿರುಗಿತು. ನಾನು ಎದ್ದು ನಿಂತು ಇಬ್ಬರಿಗೂ ಕನ್ನಡದಲ್ಲೇ ಬೈದೆ. ಆ ಹೊತ್ತಿಗೆ ಬೇರೆ ಭಾಷೆ ಬರಲೇ ಇಲ್ಲ.

ದೋಣಿಯವನು ನನ್ನ ಬೈಗುಳ ಮುಗಿಯುವವರೆಗೂ ಕಾದು, ಅಟೆಂಡರ ಕಿವಿಯ ಹತ್ತಿರ ಬಗ್ಗಿ, ಅಮ್ಮನವರು ಮನೆಯಲ್ಲೂ ಹೀಗೇನಾ ಎಂದು ಕೇಳಿದ. ನಮ್ಮ ಅಟೆಂಡರ್ ಕಣ್ಣು ತೆರೆಯದೆ ಒಂದು ದೀರ್ಘ ನಿಟ್ಟುಸಿರು ಬಿಟ್ಟರು. "ಮೊದಲಿನಿಂದಲೂ ಹೀಗೇ."

೪. ಸ್ವಲ್ಪ ಬಿಡಿ ಎಂದವರು

ಮಳೆ ಕೈಕೊಟ್ಟ ವರ್ಷ. ವಿಜಯವಾಡದ ಬ್ಯಾರೇಜಿನ ಕೆಳಗೆ ಹೊಳೆಯೆಂಬುದು ಬರಿ ಮರಳು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಾನು ಕರ್ನಾಟಕದವಳೆಂದು ಓಣಿಗೆಲ್ಲ ಗೊತ್ತು. ಹಾಲಿನವನು, ಇಸ್ತ್ರಿಯವನು, ಕೌಂಟರಿಗೆ ಬಂದ ಗ್ರಾಹಕರು, ಎಲ್ಲರೂ ನನ್ನನ್ನು ನೋಡುವುದೇ ಹಾಗೆ, ಆಣೆಕಟ್ಟಿನ ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿದೆ ಎಂಬಂತೆ. ಮೀ ವಾಳ್ಳು, ಅಂದರೆ ನಿಮ್ಮವರು, ನೀರು ನಿಲ್ಲಿಸಿದರು. ಇದನ್ನು ಹೇಳಿದವರೇ ಸೇತುವೆಯ ಮೇಲಿಂದ ಪೂಜೆಯ ಹೂವು, ಒಡೆದ ದೇವರ ಪಟ, ಪ್ಲಾಸ್ಟಿಕ್ ಚೀಲದ ಗಂಟು ಎಲ್ಲವನ್ನೂ ಕೃಷ್ಣಮ್ಮ ಎಂದು ಕೈಮುಗಿದು ಎಸೆಯುವುದನ್ನು ನಾನೇ ನೋಡಿದ್ದೆ. ನಮ್ಮ ಮನೆ ಓನರ್ ಆಂಟಿಯಂತೂ ನಲ್ಲಿಯಲ್ಲಿ ನೀರು ಸಣ್ಣಗಾದ ದಿನ ಮೇಲೆ ಹತ್ತಿ ಬಂದು, ನಿಮ್ಮ ತಂದೆ ಅದೇ ಇಲಾಖೆಯಲ್ಲವೇ, ಒಂದು ಮಾತು ಹೇಳಿ, ಸ್ವಲ್ಪ ಬಿಡಲಿ ಎಂದರು. ಅಪ್ಪ ನಿವೃತ್ತನಾಗಿ ಎಷ್ಟೋ ವರ್ಷವಾಯಿತು, ಇದ್ದಾಗಲೂ ಅವನ ಕೈಯಲ್ಲಿದ್ದದ್ದು ಪೆನ್ಸಿಲ್ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಬೇಸತ್ತು, ಆಯಿತು ಹೇಳುತ್ತೇನೆ ಎಂದುಬಿಟ್ಟೆ. ಅದೇ ಮಾಡಿದ ತಪ್ಪು.

ಎರಡು ಮಳೆಗಾಲ ಕಳೆದು ನೆರೆ ಬಂತು. ನಮ್ಮ ಬೀದಿಯ ಕೊನೆಯವರೆಗೂ ನೀರು. ಆಂಟಿ ಅಕ್ಕಿ ಚೀಲ, ಮಿಕ್ಸಿ, ಗಂಡ, ಎಲ್ಲವನ್ನೂ ಮೊದಲ ಮಹಡಿಯ ನನ್ನ ಕೋಣೆಗೆ ಸಾಗಿಸಿ, ನನ್ನ ಮಂಚದ ಮೇಲೆ ಕೂತು, ಬಹಳ ನೊಂದ ದನಿಯಲ್ಲಿ ಹೇಳಿದರು: "ನಾನು ಸ್ವಲ್ಪ ಎಂದಿದ್ದೆ."

೫. ಸಂಗಮದಲ್ಲಿ ಸಂಧಾನ

ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ವರ್ಗದ ಆದೇಶ ಬಂತು. ಎಂಟು ದಿನ ಉಳಿದಿತ್ತು. ಈ ಸಲ ಯಾರಿಗೂ ಹೇಳದೆ ರಜೆ ಹಾಕಿ, ಬುತ್ತಿ ಕಟ್ಟಿಕೊಂಡು, ಅವನಿಗಡ್ಡದಿಂದ ಆಟೋ ಮಾಡಿ ಹಂಸಲದೀವಿ ದಾಟಿ ಕಡಲ ದಂಡೆಗೆ ಇಳಿದೆ. ಬಲೆ ಹೆಣೆಯುತ್ತ ಕೂತಿದ್ದ ಒಬ್ಬ ಮೀನುಗಾರ ಅಜ್ಜ, ಸಂಗಮ ಎಂದ ಕೂಡಲೇ ಎದ್ದು ಮುಂದೆ ನಡೆದ. ಏನನ್ನೂ ಕೇಳಲಿಲ್ಲ. ಅದಕ್ಕೇ ಅವನ ಮೇಲೆ ಗೌರವ ಬಂತು.

ಮರಳಿನಲ್ಲಿ ಒಂದು ತಾಸು ನಡೆದ ಮೇಲೆ ಜಾಗ ಬಂತು. ಎಡಕ್ಕೆ ಸಮುದ್ರ, ಬಲಕ್ಕೆ ಅಗಲವಾದ ಹೊಳೆ. ಕೆಂಪು ನೀರು ನೀಲಿ ನೀರಿಗೆ ನುಗ್ಗುವುದನ್ನು ನಾನು ವರ್ಷಗಳಿಂದ ಮನಸ್ಸಿನಲ್ಲೇ ನೋಡಿಟ್ಟುಕೊಂಡಿದ್ದೆ. ಇಲ್ಲಿ ಬೇರೆಯೇ ನಡೆದಿತ್ತು. ಒಂದು ತೆಂಗಿನ ಗರಿ ತೇಲುತ್ತ ಸಮುದ್ರದಿಂದ ಹೊಳೆಯೊಳಕ್ಕೆ ಹೋಗುತ್ತಿತ್ತು. ಅಜ್ಜನನ್ನು ಕೇಳಿದೆ. ಈ ತಿಂಗಳುಗಳಲ್ಲಿ ಮೇಲಿಂದ ಏನೂ ಬರುವುದಿಲ್ಲ, ಸಮುದ್ರವೇ ಒಳಗೆ ಬರುತ್ತದೆ ಎಂದ. ಅವನ ಮನೆಯ ಬಾವಿ ಉಪ್ಪಾಗಿದೆ, ಸೊಸೆ ಕುಡಿಯುವ ನೀರಿಗೆ ಎರಡು ಮೈಲಿ ಹೋಗುತ್ತಾಳೆ, ಸಿಹಿನೀರು ಹುಡುಕಿ ಬರುತ್ತಿದ್ದ ಸೀಗಡಿ ಈಗ ಬರುವುದಿಲ್ಲ. ಯಾರನ್ನೂ ಬೈಯದೆ ಹೇಳಿದ. ನನಗಾದರೋ ಯಾರನ್ನು ಬೈಯುವುದೆಂದು ತಿಳಿಯದೆ ಇನ್ನಷ್ಟು ಸಿಟ್ಟು ಬಂತು.

ಬೋರಲು ಹಾಕಿದ್ದ ದೋಣಿಯ ಮೇಲೆ ಹತ್ತಿ ನಿಂತರೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್. ಅಪ್ಪನಿಗೆ ಮಾಡಿದೆ. ಬಂದೀನಪ್ಪಾ ಎಂದೆ. ಅವನಿಗೆ ಮೂವತ್ತೆರಡು ವರ್ಷದ ಅಭ್ಯಾಸ, ಮೊದಲು ಕೇಳಿದ್ದು ನೀರು ಯಾವ ಕಡೆ ಹರಿಯುತ್ತಿದೆ ಎಂದು. ಸುಳ್ಳು ಹೇಳಬಹುದಿತ್ತು.

"ಮ್ಯಾಲಕ್ಕ ಹರಿಯಾಕತ್ತೇತಪ್ಪಾ."

ಅಪ್ಪ ಅದನ್ನು ಇನ್ನೊಮ್ಮೆ ಹೇಳಿಸಿದ. ಆಮೇಲೆ, "ಹಂಗಾರ ಅದು ನಂದಲ್ಲ," ಎಂದ.

ಅಲ್ಲಿಯವರು ಯಾರಾದರೂ ಇದ್ದರೆ ಫೋನ್ ಕೊಡು ಎಂದ. ಅಜ್ಜನನ್ನೂ ದೋಣಿಯ ಮೇಲೆ ಹತ್ತಿಸಿ ಫೋನ್ ಕೊಟ್ಟೆ, ನಮ್ಮಪ್ಪ, ಮೇಲಿನ ಊರಿನಲ್ಲಿ ಈ ಹೊಳೆಯ ನೀರು ಅಳೆಯುತ್ತಿದ್ದವರು ಎಂದು ತಿಳಿಸಿದೆ. ಅಜ್ಜ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ನೆಟ್ಟಗೆ ನಿಂತು, "ಮಾಕು ನೀಳ್ಳು ಅವಸರಂ ಅಂಡಿ" ಎಂದ. ತೆಲುಗಿನಲ್ಲಿ ಅವಸರಂ ಎಂದರೆ ಅಗತ್ಯ. ನಮಗೆ ನೀರು ಬೇಕೇಬೇಕು ಸ್ವಾಮಿ ಎಂದು ಅವನ ಮಾತು.

ಅಪ್ಪನಿಗೆ ಕಿವಿ ಮಂದ, ಅದಕ್ಕೇ ದನಿ ದೊಡ್ಡದು. ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು. "ಅವಸರ ಮಾಡಿದರ ಹೆಂಗ್ರೀ ಯಜಮಾನ್ರ? ಹೊಳಿ ತನ್ನ ಪಾಡಿಗೆ ತಾ ಬರತೈತಿ."

ಅವಸರ ಎಂಬ ಮಾತು ಕೇಳಿದ್ದೇ ಅಜ್ಜನ ಮುಖ ಅರಳಿತು. ಹೌದು, ಬಹಳ ಅವಸರಂ ಎಂದ. ಬಹಳ ಅವಸರ ಒಳ್ಳೆಯದಲ್ಲ ಎಂದು ಅಪ್ಪ. ಸೊಸೆಗೂ ಅವಸರಂ, ಮೊಮ್ಮಕ್ಕಳಿಗೂ ಅವಸರಂ ಎಂದು ಅಜ್ಜ. ಮನೆಮಂದಿಗೆಲ್ಲ ಹಿಂಗ ಅವಸರ ಇದ್ದರ ಸಂಸಾರ ಹೆಂಗ ನಡಿತೈತಿ ಎಂದು ಅಪ್ಪ. ನಾನು ನಡುವೆ ಬಾಯಿ ಹಾಕಲು ಹೋದರೆ ಅಜ್ಜ ಕೈಯೆತ್ತಿ ತಡೆದ, ಹಿರಿಯರು ಮಾತಾಡುವಾಗ ಇವಳದೇನು ಎಂದು.

ಐದು ನಿಮಿಷದ ಮೇಲೆ ಫೋನ್ ವಾಪಸು ಬಂತು. ನಿಮ್ಮ ತಂದೆ ದೇವರಂಥವರು, ಅವಸರ ಎಂದು ಅವರೇ ಒಪ್ಪಿಕೊಂಡರು ಎಂದು ಅಜ್ಜ ಕಣ್ಣೊರೆಸಿಕೊಂಡ. ಮನುಷ್ಯಾ ಛಲೋ ಅದಾನವಾ, ತಾಳ್ರಿ ಅಂದೆ, ಹೂಂ ಅಂದ ಎಂದು ಈ ಕಡೆ ಅಪ್ಪ. ಎರಡೂ ಭಾಷೆ ಬರುವವಳು ಅಲ್ಲಿ ನಾನೊಬ್ಬಳೇ. ಇಬ್ಬರ ಮೇಲೂ ರೇಗಬೇಕೆಂದು ಬಾಯಿ ತೆರೆದೆ, ಆಗಲಿಲ್ಲ.

ಅಷ್ಟರಲ್ಲಿ ಅಜ್ಜ, ಹಾಗಾದರೆ ನೀರು ಯಾವಾಗ ಬಿಡುತ್ತಾರೆ, ಅದೊಂದು ಕೇಳಮ್ಮ ಎಂದ. ಆ ಕಡೆಯಿಂದ ಅಪ್ಪ, ಏನಂತಾನ ಎಂದ.

"ಯಾವಾಗ ಬಿಡತೀರಿ ಅಂತ ಕೇಳತಾನಪ್ಪಾ."

"ನೋಡು," ಎಂದ ಅಪ್ಪ, "ಮತ್ತ ಅವಸರಾ."

ಅಜ್ಜನಿಗೂ ಕೇಳಿಸಿತು. ಹೌದು ಹೌದು ಎಂದು ತಲೆಯಾಡಿಸಿದ.