ಕಾರಿನ ಕಣ್ಣಿಗೆ ಗಂಧ

ಕಷ್ಟದ ವಿಷಯವನ್ನು ಸುಲಭವಾಗಿ ವಿವರಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಬಂಟ್ವಾಳ ತಾಲೂಕಿನಲ್ಲಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಈ ಅಭಿಪ್ರಾಯಕ್ಕೆ ಹೆಂಡತಿ ಸುಮತಿಯ ಬೆಂಬಲ ಮಾತ್ರ ಇನ್ನೂ ದೊರೆತಿಲ್ಲ.

ನಿವೃತ್ತನಾದ ಮೇಲೆ ಹೊಸ ಕಾರು ಕೊಂಡೆ. ಎದುರಿಗೆ ಏನಾದರೂ ಅಡ್ಡ ಬಂದರೆ ತಾನೇ ಕೂಗಿ, ತಾನೇ ಬ್ರೇಕ್ ಹಾಕುವ ಕಾರು! ಅದನ್ನು ನೋಡಲೆಂದೇ ಸುಮತಿಯ ತಾಯಿ, ನನ್ನ ಅತ್ತೆ, ನಾರಾವಿಯಿಂದ ಸಿದ್ಧಕಟ್ಟೆಯ ನಮ್ಮ ಮನೆಗೆ ಬಂದು ವಾರ ನಿಂತರು. ಎಂಬತ್ತು ದಾಟಿದ ಅವರಿಗೆ ಒಂದೇ ಸಂಶಯ.

"ಬ್ರೇಕ್ ಅದೇ ಹಾಕ್ತದೆ, ಸರಿ. ನೋಡುವುದು ಯಾರು?"

ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿಗಾಗಿ ನಾನು ಮೂವತ್ತು ವರ್ಷ ಕಾದಿದ್ದೆ. ಅತ್ತೆಯನ್ನು ಕಾರಿನ ಸುತ್ತ ನಡೆಸಿಕೊಂಡು ಹೋಗಿ ತೋರಿಸಿದೆ. "ಇದಕ್ಕೆ ಕಣ್ಣುಂಟು ಅತ್ತೆ. ಮುಂದೆ ನಡುವಿನಲ್ಲಿ ಇದು ದೊಡ್ಡ ಕಣ್ಣು. ಬಂಪರಿನಲ್ಲಿ ಸಾಲಾಗಿ ಗುಂಡಿಯ ಹಾಗೆ ಕಾಣ್ತದಲ್ಲ, ಅವೆಲ್ಲ ಸಣ್ಣ ಕಣ್ಣು." ಅತ್ತೆ ಒಂದೊಂದನ್ನೂ ಬೆರಳಿಟ್ಟು ಎಣಿಸಿಕೊಂಡರು. ಒಬ್ಬರ ತಲೆಗೆ ನನ್ನ ಪಾಠ ಇಷ್ಟು ಚೆನ್ನಾಗಿ ಹತ್ತಿದ್ದು ಅದೇ ಮೊದಲು.

ಆ ಭಾನುವಾರ ಸುಮತಿಯ ಅಣ್ಣ ಜಿನರಾಜ ಭಾವನ ಮಗಳ ನಿಶ್ಚಿತಾರ್ಥ, ನಾರಾವಿಯಲ್ಲಿ. ಉಂಗುರ ಮಾಡಿಸಿದ್ದು ಬಂಟ್ವಾಳದಲ್ಲಿ. ಭಾವ ಫೋನ್ ಮಾಡಿದರು. "ಉಂಗುರ ನೀವೇ ತನ್ನಿ ಭಾವ. ಹೊಸ ಕಾರುಂಟಲ್ಲ, ಅರ್ಧದಲ್ಲಿ ನಿಲ್ಲುವ ಹೆದರಿಕೆ ಇಲ್ಲ. ಹನ್ನೊಂದೂಕಾಲಕ್ಕೆ ಮುಹೂರ್ತ."

ಶುಭಕಾರ್ಯಕ್ಕೆ ಹೊರಟ ವಾಹನಕ್ಕೆ ಪೂಜೆ ಆಗದೆ ಅತ್ತೆ ಹತ್ತುವವರಲ್ಲ. ನಾನು ಜರಿ ಶಾಲು ಹೊದ್ದು ಹೊರಗೆ ಬರುವಾಗ ಕಾರಿನ ಮುಖದ ತುಂಬ ಗಂಧ, ಕುಂಕುಮ, ಅಡ್ಡಕ್ಕೆ ಒಂದು ದಪ್ಪ ಸೇವಂತಿಗೆ ಮಾಲೆ. ಮೆಚ್ಚಿಕೊಂಡೆ. ಫೋಟೋ ತೆಗೆದು ಕುಟುಂಬದ ವಾಟ್ಸಾಪಿಗೂ ಹಾಕಿದೆ.

ಗೇಟು ದಾಟುವಾಗಲೇ ಕಾರು ಕೂಗತೊಡಗಿತು. ಎದುರಿನ ಪರದೆಯಲ್ಲಿ ಕೆಂಪು ಅಕ್ಷರಗಳು: ಮುಂದೆ ಅಡ್ಡಿ ಇದೆ. ರಸ್ತೆಯಲ್ಲಿ ಒಂದು ಕೋಳಿಯೂ ಇರಲಿಲ್ಲ.

"ಒಮ್ಮೆ ಇಳಿದು ನೋಡಿ," ಎಂದಳು ಸುಮತಿ.

"ಇಳಿದು ನೋಡಿದರೆ ತಿಳಿಯುವ ವಿಷಯ ಅಲ್ಲ ಇದು. ಸಾಫ್ಟ್‌ವೇರ್," ಎಂದೆ.

ಮೂಡುಬಿದಿರೆ ತಲುಪುವುದರೊಳಗೆ ತೇವಾಂಶ, ಮೊಬೈಲ್ ಟವರ್, ಉಪಗ್ರಹ ಎಂದು ಮೂರು ಕಾರಣಗಳನ್ನು ಸವಿಸ್ತಾರವಾಗಿ ವಿವರಿಸಿದೆ. ಪೇಟೆಯ ನಡುವೆ ಕಾರು ನಾಲ್ಕು ಸಲ ತಾನಾಗಿ ನಿಂತಿತು. ಹಿಂದೆ ಬಸ್ಸು. ನಮ್ಮ ಕಡೆಯ ಬಸ್ ಡ್ರೈವರುಗಳಿಗೆ ಹಾರ್ನೇ ಮಾತೃಭಾಷೆ. ಅವರು ಆ ಭಾಷೆಯಲ್ಲಿ ಹೇಳಿದ್ದನ್ನು ಕಂಡಕ್ಟರ್ ಇಳಿದು ಬಂದು ಕನ್ನಡದಲ್ಲಿ ಹೇಳಿದ: "ಡ್ರೈವಿಂಗ್ ಕಲಿಯುವುದಾದ್ರೆ ಆಚೆ ಮೈದಾನ ಉಂಟು."

ಶಿರ್ತಾಡಿ ದಾಟಿದ ಮೇಲೆ ಕಾರು ಹತ್ತು ಮಾರು ಹೋಗುವುದು, ನಿಲ್ಲುವುದು, ಇಷ್ಟೇ ಆಯಿತು. ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ, "ಸರ್, ಸೆನ್ಸರ್ ಮೇಲೆ ಏನಾದರೂ ಅಂಟಿದೆಯಾ ನೋಡಿದ್ರಾ?" ಎಂದಳು. ಮೂವತ್ತು ವರ್ಷದ ಅನುಭವಕ್ಕೆ ಇಂಥ ಪ್ರಶ್ನೆಯೇ! ಫೋನ್ ಕುಕ್ಕಿದೆ.

ಕುಕ್ಕಿದ ಫೋನ್ ಮತ್ತೆ ಬಡಿದುಕೊಂಡಿತು. ಭಾವ. "ಉಂಗುರ ಎಲ್ಲಿಗೆ ಮುಟ್ಟಿತು?"

"ಶಿರ್ತಾಡಿ."

"ಇನ್ನೂ ಶಿರ್ತಾಡಿಯಾ? ಹುಡುಗನ ಕಡೆಯವರು ಬಂದು ಕೂತಾಯ್ತು ಭಾವ."

ಆಗ ನಿಜವಾಗಿ ಹೆದರಿದೆ. ಭಾವನ ಮಗಳು ನಾನು ಎತ್ತಿ ಆಡಿಸಿದ ಹುಡುಗಿ. ಉಂಗುರವಿಲ್ಲದೆ ಅಷ್ಟು ಜನರೆದುರು ಬಾಗಿಲು ನೋಡುತ್ತ ಕೂರುವಂತಾದರೆ ಅದಕ್ಕೆ ಕಾರಣ ನಾನು ಮತ್ತು ನನ್ನ ಬಡಾಯಿ.

ಒಂದು ಆಟೋರಿಕ್ಷಾ ಪಕ್ಕಕ್ಕೆ ನಿಂತಿತು. ಇಳಿದವನು ಹಮೀದ್, ನನ್ನ ಹಳೆಯ ವಿದ್ಯಾರ್ಥಿ. ಈಗ ಅವನ ಗಡ್ಡವೂ ನರೆತಿದೆ. ವಿಜ್ಞಾನ ನಿನ್ನ ತಲೆಗೆ ಹೋಗುವಂಥದ್ದಲ್ಲ ಎಂದು ಒಂದು ಕಾಲದಲ್ಲಿ ಅವನಿಗೆ ಲಿಖಿತವಾಗಿ ತಿಳಿಸಿದ್ದೆ.

"ಎಂತ ಹೇಳ್ತದೆ ಮಾಸ್ಟ್ರೇ, ಕಾರು?"

"ಮುಂದೆ ಏನೋ ಅಡ್ಡ ಉಂಟು ಅಂತ ಹೇಳ್ತದೆ."

ಹಮೀದ್ ಮುಂದೆ ಹೋಗಿ ನೋಡಿದ. "ಉಂಟಲ್ಲ. ಮಾಲೆ."

ಸುಮತಿ ನನ್ನ ಮುಖ ನೋಡಿದಳು. ನಾನು ಅತ್ತೆಯ ಮುಖ ನೋಡಿದೆ.

"ನೀವೇ ಹೇಳಿದ್ದಲ್ವಾ ಕಣ್ಣು ಅಂತ?" ಎಂದರು ಅತ್ತೆ. "ದೃಷ್ಟಿ ತಾಗಬಾರದು ಅಂತ ಒಂದೊಂದು ಕಣ್ಣಿಗೂ ಗಂಧ ಹಚ್ಚಿದ್ದೇನೆ. ಒಂದೂ ಬಿಡಲಿಲ್ಲ. ಈಗ ಮುಹೂರ್ತಕ್ಕೆ ಮೊದಲು ಮಾಲೆ ತೆಗೀಲಿಕ್ಕೆ ಬಿಡುವುದಿಲ್ಲ."

ನಾನು ಅಲ್ಟ್ರಾಸಾನಿಕ್ ತರಂಗಗಳ ಪ್ರತಿಫಲನದಿಂದ ಶುರು ಮಾಡಿದೆ. ಅತ್ತೆ ಬ್ಯಾಗನ್ನು ಎದೆಗೊತ್ತಿ ಹಿಡಿದು ಕಾರಿನ ಮುಂದೆಯೇ ನಿಂತರು. ಈಗ ನಿಜವಾಗಿಯೂ ಅಡ್ಡಿ ಇತ್ತು.

ಹಮೀದ್ ಮೆಲ್ಲ ಹೇಳಿದ, "ಅಮ್ಮ, ಮದುಮಗಳಿಗೆ ಮಾಲೆ ಎಲ್ಲಿಗೆ ಹಾಕುವುದು? ಕೊರಳಿಗೆ ಅಲ್ವಾ? ಕಣ್ಣಿಗೆ ಹಾಕಿದ್ರೆ ಅವಳು ನಡೆಯುವುದು ಹೇಗೆ?"

ಅತ್ತೆ ಒಂದು ಕ್ಷಣ ಯೋಚಿಸಿದರು. "ಹೌದು ಮಾರಾಯ," ಎಂದು ತಾವೇ ಮಾಲೆ ಬಿಚ್ಚಿ ಕಾರಿನೊಳಗೆ ದೇವರ ಪಟಕ್ಕೆ ಹಾಕಿದರು. ಹಮೀದ್ ನೀರು ಹಾಕಿ ಗಂಧ ಒರೆಸಿದ. ಅತ್ತೆ ನನ್ನತ್ತ ತಿರುಗಿ, "ಇಷ್ಟೇ ಅಂತ ಮೊದಲೇ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?" ಎಂದರು.

ಕಾರು ಆಮೇಲೆ ಪಿಟ್ಟೆನ್ನಲಿಲ್ಲ. ಹನ್ನೊಂದು ಹತ್ತಕ್ಕೆ ನಾರಾವಿ! ಉಂಗುರದ ಪೆಟ್ಟಿಗೆಯನ್ನು ಎತ್ತಿ ಹಿಡಿದು ಸಭೆಯ ನಡುವೆ ನಡೆದೆ. ಹುಡುಗಿ ನನ್ನನ್ನು ನೋಡಿ ನಕ್ಕಳು. ಮುಹೂರ್ತಕ್ಕೆ ಸರಿಯಾಗಿ ಉಂಗುರ ಬೆರಳೇರಿತು. ಯುದ್ಧ ಗೆದ್ದವನಿಗೂ ಅಷ್ಟು ಖುಷಿ ಆಗಿರಲಾರದು.

ಊಟದ ಪಂಕ್ತಿಯಲ್ಲಿ, ದಾರಿಯಲ್ಲಿ ಎದುರಾದ ಗಂಭೀರ ತಾಂತ್ರಿಕ ಸಮಸ್ಯೆಯನ್ನು ನಾನು ಹೇಗೆ ಪತ್ತೆಹಚ್ಚಿದೆ ಎಂಬುದನ್ನು ಹೋಳಿಗೆಯಿಂದ ಮಜ್ಜಿಗೆಯವರೆಗೆ ವಿವರಿಸಿದೆ. ಸಮಯದ ಅಭಾವದಿಂದ ಹಮೀದನ ಪಾತ್ರವನ್ನು ಕೈಬಿಡಬೇಕಾಯಿತು.

ಭಾವ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೈ ತೊಳೆಯುವಾಗ ನನ್ನನ್ನು ಬದಿಗೆ ಕರೆದರು. "ಮದುವೆಗೆ ಕರಿಮಣಿಯೂ ಬಂಟ್ವಾಳದಿಂದಲೇ ಬರ್ಲಿಕ್ಕುಂಟು ಭಾವ."

"ನಾನಿದ್ದೇನಲ್ಲ," ಎಂದೆ.

"ಅದಕ್ಕೇ ಕೇಳುವುದು. ಸುಮತಿ ಎಲ್ಲ ಹೇಳಿದ್ದಾಳೆ. ಆ ರಿಕ್ಷಾದ ಹಮೀದನ ನಂಬರ್ ಉಂಟಾ ನಿಮ್ಮಲ್ಲಿ?"

ನನ್ನಲ್ಲಿ ಇರಲಿಲ್ಲ. ಅತ್ತೆ ಆಗಲೇ ಬರೆಸಿಕೊಂಡಿದ್ದರು.