ಮಾಸ್ತರರ ಪ್ರಶ್ನೆ, ಸಾಹುಕಾರರ ಉತ್ತರ, ನಡುವೆ ನನ್ನ ಫೋನು

ಮದುವೆ ಮಾಡಿಸುವುದು ನನ್ನ ಹೆಂಡತಿ ಗಿರಿಜೆಯ ಉದ್ಯೋಗ. ಆ ಉದ್ಯೋಗವನ್ನು ಆಧುನಿಕಗೊಳಿಸುವುದು ನನ್ನ ಜವಾಬ್ದಾರಿ. ಈ ಜವಾಬ್ದಾರಿಯನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪುಣೆಯ ಸದಾಶಿವ ಪೇಠದಲ್ಲಿ, ನಾಲ್ಕನೆಯ ಮಹಡಿಯಲ್ಲಿ ನಮ್ಮ ಫ್ಲ್ಯಾಟು. ಅದರ ಮುಂದಿನ ಕೋಣೆಯೇ ಗಿರಿಜೆಯ ವಧು-ವರ ಕೇಂದ್ರ. ಹುಬ್ಬಳ್ಳಿ, ವಿಜಾಪುರ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ವ್ಯಾಪಾರವನ್ನೋ ನೌಕರಿಯನ್ನೋ ಹಿಡಿದವರ ಮಕ್ಕಳಿಗೆ ಅವಳು ಜೋಡಿ ಹುಡುಕುತ್ತಿದ್ದಳು. ಕೇಂದ್ರಕ್ಕೆ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಶಾಖೆಯೂ ಇತ್ತು. ಶಾಖೆ ಎಂದರೆ ಅಂಗಡಿಯೊಂದರ ಮೇಲಿನ ಸಣ್ಣ ಕೋಣೆ. ಕೆಳಗೆ ಹಮಾಲರು ಬೆಲ್ಲದ ಪೆಂಟೆ ಇಳಿಸುತ್ತಿದ್ದರೆ ಮೇಲೆ ಗಿರಿಜೆ ಜಾತಕ ಬಿಚ್ಚುತ್ತಿದ್ದಳು. ಎರಡೂ ಕಡೆ ಒಂದೊಂದು ಹಳೆಯ ಫೋನು. ಎರಡೂ ಚೆನ್ನಾಗಿಯೇ ಇದ್ದವು.

ನಾನು ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿದ್ದೆ. ಆರೋಗ್ಯವಾಗಿರುವ, ಕೆಲಸವಿಲ್ಲದ ಗಂಡಸು ಹಗಲೆಲ್ಲ ಮನೆಯಲ್ಲಿದ್ದರೆ ಎಂಥ ಅಪಾಯ ಎಂಬುದು ಅನುಭವಿಸಿದ ಹೆಂಗಸರಿಗೇ ಗೊತ್ತು. ಅಷ್ಟರಲ್ಲಾಗಲೇ ನಾನು ಮಿಕ್ಸರ್ ರಿಪೇರಿ ಮಾಡಿ ಮುಗಿಸಿದ್ದೆ. ಮಿಕ್ಸರೂ ಮುಗಿದಿತ್ತು!

ಬ್ರಾಡ್‌ಬ್ಯಾಂಡು ಆಗತಾನೆ ಮನೆಗಳಿಗೆ ಕಾಲಿಡುತ್ತಿದ್ದ ಕಾಲ ಅದು. ಪರಿಚಯದವರೊಬ್ಬರ ಆಫೀಸಿನಲ್ಲಿ ನಾನು ಐಪಿ ಫೋನು ನೋಡಿದೆ. ಇಂಟರ್ನೆಟ್ಟಿನ ತಂತಿಯ ಮೇಲೆಯೇ ಮಾತಾಡುವ ಫೋನು. ನೀಲಿ ಪರದೆ, ಸಾಲು ಸಾಲು ಗುಂಡಿ, ಗಟ್ಟಿಯಾಗಿ ಮಾತಾಡುವ ಸ್ಪೀಕರು. ಒಂದು ಗುಂಡಿ ಒತ್ತಿದರೆ ಊರಿನ ಇನ್ನೊಂದು ಕಡೆಯ ಶಾಖೆ ಪಕ್ಕದ ಕೋಣೆಯಂತೆ ಮಾತಾಡುತ್ತದೆ! ಮನೆಗೆ ಬಂದವನೇ ಗಿರಿಜೆಗೆ ಹೇಳಿದೆ.

"ಈಗಿನ ಫೋನಿಗೆ ಏನಾಗೇದ್ರಿ?" ಎಂದಳು.

"ಏನೂ ಆಗಿಲ್ಲ."

"ಮತ್ತ?"

"ಏನೂ ಆಗಿಲ್ಲ ಅಂತ ಎಷ್ಟು ದಿನಾ ಅದನ್ನಽ ಇಟ್ಕೊಂಡು ಕೂಡೂದು?"

ಗಿರಿಜೆ ಸತ್ತ ಮಿಕ್ಸರಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಇದನ್ನು ನಾನು ಸಮ್ಮತಿ ಎಂದು ಭಾವಿಸಿದೆ.

ಫೋನು ಮಾರುವ ಕಂಪನಿಯಿಂದ ಜೋಶಿ ಎಂಬ ಇಂಜಿನಿಯರು ಬಂದ. ಮನೆಯ ತಂತಿಗಳನ್ನೆಲ್ಲ ನೋಡಿದ. ನೋಡುತ್ತ ಹೋದಂತೆ ಅವನ ಮುಖ ಸಣ್ಣದಾಗುತ್ತ ಬಂತು. ಆಮೇಲೆ ಚಹಾ ಕುಡಿಯುತ್ತ ಮರಾಠಿಯಲ್ಲಿ ದೀರ್ಘವಾದ ಉಪನ್ಯಾಸ ಕೊಟ್ಟ. ಈ ಫೋನಿನಲ್ಲಿ ಮಾತು ಚೂರುಚೂರಾಗಿ ಹೋಗುತ್ತದಂತೆ. ಆ ಚೂರುಗಳು ತಡವಾಗದೆ, ಸಾಲು ತಪ್ಪದೆ ಮುಟ್ಟಬೇಕಂತೆ. ಅದಕ್ಕೆ ಫೋನಿಗೆಂದೇ ಬೇರೆ ಇಂಟರ್ನೆಟ್ ಲೈನು ಬೇಕು. ಇಲ್ಲವಾದರೆ ಮಿಕ್ಕಿದ್ದನ್ನೆಲ್ಲ ತಡೆದು ಮಾತಿಗೆ ಮೊದಲು ದಾರಿ ಬಿಡುವಂಥ ರೌಟರಾದರೂ ಬೇಕು. ಕರೆಂಟು ಹೋದರೆ ಎಲ್ಲವೂ ಸಾಯುತ್ತದೆ, ಆದ್ದರಿಂದ ಯುಪಿಎಸ್ ಬೇಕೇ ಬೇಕು. ಕಟ್ಟಕಡೆಗೆ ಗೋಡೆಯ ತೂತಿನಿಂದ ಪಕ್ಕದ ಫ್ಲ್ಯಾಟಿಗೆ ಹೋಗಿದ್ದ ತಂತಿಯೊಂದನ್ನು ತೋರಿಸಿ, "ಇದೇನು ಕಾಕಾ?" ಎಂದು ಕೇಳಿದ.

ಪಕ್ಕದಲ್ಲಿ ದೇಶಪಾಂಡೆ ಸರ್ ಅವರ ಕೋಚಿಂಗ್ ಕ್ಲಾಸು. ನಮ್ಮ ಇಂಟರ್ನೆಟ್ಟನ್ನು ಅವರ ಜೊತೆ ಹಂಚಿಕೊಂಡಿದ್ದೆ. ಸ್ಟೋರ್ಸ್ ವಿಭಾಗದವನು ಯಾವುದನ್ನೂ ಪೋಲು ಮಾಡುವುದಿಲ್ಲ.

"ಕಾಕಾ, ಆವಾಜ್ ತುಟ್ಣಾರ್!" ಎಂದ ಜೋಶಿ. ದನಿ ಕಡಿದು ಕಡಿದು ಬರುತ್ತದೆ ಎಂದರ್ಥ.

ನಾನು ಮನಸ್ಸಿನಲ್ಲೇ ನಕ್ಕೆ. ಹಪ್ಪಳ ಮಾರುವವನು ಕರಿಯುವ ಎಣ್ಣೆಯನ್ನೂ ಮಾರಲು ನೋಡುತ್ತಾನೆ! ಫೋನುಗಳನ್ನೂ ಅವುಗಳನ್ನು ಒಂದಕ್ಕೊಂದು ಜೋಡಿಸುವ ಡಬ್ಬಿಯನ್ನೂ ಮಾತ್ರ ತೆಗೆದುಕೊಂಡೆ. ಉಳಿದದ್ದನ್ನು ಜೂನಾ ಬಜಾರಿನ ಹಳೆಯ ಸಾಮಾನಿನಲ್ಲಿ ಹೊಂದಿಸಿದೆ. ತಂತಿಯನ್ನು ನಾನೇ ಎಳೆದೆ. ಹಳೆಯ ಫೋನನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಗೌರವಪೂರ್ವಕವಾಗಿ ಅಟ್ಟಕ್ಕೇರಿಸಿದೆ.

ಮರುದಿನ ಬೆಳಿಗ್ಗೆ ಗಿರಿಜೆ ಶಾಖೆಯಿಂದ ಗುಂಡಿ ಒತ್ತಿದಳು. "ಕೇಳಸ್ತದೇನ್ರಿ?" ಎಂದ ದನಿ ಗಂಟೆ ಬಾರಿಸಿದ ಹಾಗೆ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ. ಕೋಚಿಂಗ್ ಕ್ಲಾಸು ಶುರುವಾಗುವುದು ಮಧ್ಯಾಹ್ನ ಎಂಬ ಕ್ಷುಲ್ಲಕ ಸಂಗತಿ ನನ್ನ ಗಮನಕ್ಕೆ ಬರಲಿಲ್ಲ.

ಆ ವಾರವೇ ಒಂದು ಮಹತ್ವದ ಸಂಬಂಧ ಕುದುರುವುದರಲ್ಲಿತ್ತು. ಹುಡುಗಿ ವಿನುತಾ, ಶಾಲೆಯೊಂದರಲ್ಲಿ ಟೀಚರು. ಗಿರಿಜೆಗೆ ಅವಳೆಂದರೆ ಮಗಳಷ್ಟೇ ಅಕ್ಕರೆ. ಅವಳ ತಂದೆ ಗುರುಪಾದಪ್ಪ ಮಾಸ್ತರರು ಕನ್ನಡ ವ್ಯಾಕರಣ ಕಲಿಸಿ ನಿವೃತ್ತರಾದವರು. ಹುಡುಗನ ತಂದೆ ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿ ಚನ್ನಪ್ಪ ಸಾಹುಕಾರರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಮೆಚ್ಚಿಯಾಗಿತ್ತು. ಮೆಚ್ಚಿದ್ದು ಎಷ್ಟೆಂದರೆ, ಬೇರೆ ಹುಡುಗರ ಫೋಟೋ ತೋರಿಸಬೇಡಿರೆಂದು ವಿನುತಾ ಗಿರಿಜೆಯ ಕಿವಿಯಲ್ಲಿ ಹೇಳಿಹೋಗಿದ್ದಳು. ಬಾಕಿ ಇದ್ದದ್ದು ಮಾಸ್ತರರ ಮೌಖಿಕ ಪರೀಕ್ಷೆ ಒಂದೇ. ಅದರಲ್ಲಿ ಹಿಂದೆ ಅನೇಕ ಬೀಗರು ನಪಾಸಾಗಿದ್ದರು. "ಉತ್ತರಾ ಗೊತ್ತಿದ್ದಾಂವ ಥಟ್ಟನೆ ಹೇಳ್ತಾನ್ರಿ. ತಡಾ ಮಾಡಿ ಹೇಳಾಂವ ಕಾಪಿ ಹೊಡಿಯಾಂವ" ಎಂಬುದು ಮಾಸ್ತರರ ಸಿದ್ಧಾಂತ.

"ಮಾಸ್ತರ್ರು ಮನಿಗೆ ಬರ್ತಾರ. ಚಹಾ ಕೊಟ್ಟು ಕೂಡಸ್ರಿ. ನಾ ಸಾಹುಕಾರ್ರನ್ನ ಕರಕೊಂಡು ರಿಕ್ಷಾದಾಗ ಬರ್ತೀನಿ" ಎಂದಳು ಗಿರಿಜೆ.

"ರಿಕ್ಷಾ ಯಾಕ? ಸಾಹುಕಾರ್ರು ದುಕಾನ ಬಿಟ್ಟು ಬರೂದು ಯಾಕ? ನೀವು ಅಲ್ಲೇ ಕೂಡ್ರಿ, ನಾವು ಇಲ್ಲೇ ಕೂಡ್ತೀವಿ. ಸ್ಪೀಕರ್ ಅದ!"

"ಬೀಗತನಾ ಸ್ಪೀಕರಿನ್ಯಾಗ ಮಾಡ್ತಾರೇನ್ರಿ?"

"ಮುಂದ ಎಲ್ಲಾರೂ ಹಂಗಽ ಮಾಡ್ತಾರ, ನೋಡ್ತಿರು."

ಅವಳು ವಾದ ಮಾಡದೆ ಹೊರಟಳು. ವಾದ ಮಾಡಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಮಾಸ್ತರರು ಬಂದರು. ಶುಭ್ರ ಧೋತರ, ಕೋಟು, ಕೈಯಲ್ಲಿ ಕೊಡೆ. ನಾನು ಮೇಜಿನ ಮೇಲೆ ಫೋನಿಟ್ಟು, ದೇವರಿಗೆ ಮಾಡಿದಂತೆ ಒಮ್ಮೆ ಒರೆಸಿ, ಗುಂಡಿ ಒತ್ತಿದೆ. ಆ ತುದಿಯಲ್ಲಿ ಗಿರಿಜೆ, ಸಾಹುಕಾರರು. ನಮಸ್ಕಾರಗಳು ಹೋದವು. ಕೊಂಚ ಹೊತ್ತಿನ ಮೇಲೆ ನಮಸ್ಕಾರಗಳು ಬಂದವು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಮೊದಲನೆಯ ಪ್ರಶ್ನೆ ಕೇಳಿದರು.

"ಹುಡುಗ ಕುಡೀತಾನೇನ್ರಿ?"

ಫೋನು ಮೌನ. ಮಾಸ್ತರರು ಹುಬ್ಬೇರಿಸಿದರು. ಕಾದರು. ಕೊನೆಗೆ, ಎಷ್ಟೆಂದರೂ ಬೀಗರಾಗುವವರು ಎಂದು ಇನ್ನೊಂದು ಸುಲಭದ ಪ್ರಶ್ನೆ ಕೊಟ್ಟರು.

"ಇರ್ಲಿ. ಗುಡಿಗೆ ಹೋಗ್ತಾನೇನ್ರಿ?"

ಆಗ ಸಾಹುಕಾರರ ದನಿ ಗುಡುಗಿತು: "ಛೇ ಛೇ! ಅಂಥಾ ಚಟಾ ನಮ್ಮ ಮನಿತನದಾಗಽ ಇಲ್ರಿ!"

ಮಾಸ್ತರರು ನನ್ನ ಮುಖ ನೋಡಿದರು. ನಾನು ಫೋನಿನ ಮುಖ ನೋಡಿದೆ.

ನಡೆದದ್ದು ಇಷ್ಟೇ. ಪಕ್ಕದ ಮನೆಯಲ್ಲಿ ದೇಶಪಾಂಡೆ ಸರ್ ಯಾವುದೋ ದೊಡ್ಡ ಪಾಠವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತಿದ್ದರು. ಸಾಹುಕಾರರ ಉತ್ತರಗಳು ಆ ಪಾಠದ ಹಿಂದೆ ಪಾಳಿ ಹಚ್ಚಿ ನಿಂತು, ಒಂದು ಪ್ರಶ್ನೆಯಷ್ಟು ತಡವಾಗಿ ನಮ್ಮನ್ನು ಮುಟ್ಟುತ್ತಿದ್ದವು. ಆದರೆ ಇದು ನನಗೆ ತಿಳಿದದ್ದು ಆಮೇಲೆ. ಆ ಕ್ಷಣದಲ್ಲಿ ನನಗೂ, ಸಾಹುಕಾರರ ಮನೆತನಕ್ಕೂ ದೇವರಿಗೂ ಯಾಕಿಷ್ಟು ವೈರ ಎಂದೇ ಅನ್ನಿಸಿತು.

ಮಾಸ್ತರರು ತುಟಿ ಬಿಗಿದು ಮುಂದುವರಿದರು: "ಇಸ್ಪೀಟು ಆಡ್ತಾನೇನ್ರಿ?"

ಗುಡಿಯ ಉತ್ತರ ಆಗ ಬಂತು. "ಪ್ರತೀ ಸೋಮವಾರ ತಪ್ಪೂದಿಲ್ರಿ! ಸಣ್ಣಾಂವ ಇದ್ದಾಗ ನಾನಽ ಕೈ ಹಿಡಿದು ರೂಢಿ ಮಾಡಿಸೀನಿ!"

ಮಾಸ್ತರರ ಕೊಡೆ ನೆಲಕ್ಕೆ ಬಿತ್ತು. ಪರಿಸ್ಥಿತಿ ಕೈಮೀರುತ್ತಿದೆ ಎಂದು ನಾನು ಚುರುಕಾದೆ. ಆ ತುದಿಗೆ ಕೇಳದ ಹಾಗೆ ಮಾಡುವ ಗುಂಡಿಯೊಂದಿತ್ತು. ಅದನ್ನು ಒತ್ತಿ, ಮಾಸ್ತರರ ಕಡೆ ಬಾಗಿ, "ತಪ್ಪು ತಿಳಕೋಬ್ಯಾಡ್ರಿ. ಸಾಹುಕಾರ್ರಿಗೆ ಕಿವಿ ಸ್ವಲ್ಪ ಮಂದ. ತಲೀಗೆ ಹೋಗೂದೂ ಸ್ವಲ್ಪ ತಡಾನಽ" ಎಂದೆ.

ನಾನು ಒತ್ತಿದ್ದು ಬೇರೆ ಗುಂಡಿ! ಬರುವ ದಾರಿಯಷ್ಟೇ ಪಾಠದಿಂದ ತುಂಬಿತ್ತು. ಹೋಗುವ ದಾರಿ ಖಾಲಿಯಾಗಿತ್ತು. ಆದ್ದರಿಂದ ನನ್ನ ಆ ಮಾತು ಒಂದು ಅಕ್ಷರವೂ ಮುಕ್ಕಾಗದೆ ಮಾರ್ಕೆಟ್ ಯಾರ್ಡು ಮುಟ್ಟಿತು. ಆ ಕೋಣೆಯಲ್ಲಿ ಅಷ್ಟು ಸ್ಪಷ್ಟವಾಗಿ ಯಾರ ಮಾತೂ ಅದುವರೆಗೆ ಕೇಳಿಸಿರಲಿಲ್ಲ ಎಂದು ಗಿರಿಜೆ ಆಮೇಲೆ ಹೇಳಿದಳು.

ಇತ್ತ ಮಾಸ್ತರರು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಬಂದಿದ್ದರು. "ನಮ್ಮ ವಿನುತಾ ಲಗ್ನಾ ಆದ ಮ್ಯಾಲೂ ಶಾಲ್ಯಾಗ ಕಲಸೂದು ಬಿಡೂದಿಲ್ಲ. ನಿಮಗ ಒಪ್ಪಿಗಿ ಅದನೋ ಇಲ್ಲೋ?"

ಬಂದದ್ದು ಇಸ್ಪೀಟಿನ ಉತ್ತರ. "ಅಂಥಾ ಮಂದಿಗೆ ನಮ್ಮ ಮನಿ ಹೊಸ್ತಿಲಾ ದಾಟಗೊಡೂದಿಲ್ರಿ ನಾನು!"

ಮಾಸ್ತರರ ಮುಖ ಕೆಂಪಾಯಿತು. ದನಿ ಮಾತ್ರ ತಣ್ಣಗಿತ್ತು. "ವರದಕ್ಷಿಣಿ ತಗೊಳ್ಳೂ ಮಂದೀನೂ ಏನು ನೀವು?" ಎಂದರು. ಆಮೇಲೆ ಕೈ ಕಟ್ಟಿಕೊಂಡು, ಉತ್ತರ ಬರುವವರೆಗೂ ಕಾಯುವೆನೆಂಬಂತೆ ಕೂತರು. ಮೊದಲು ಶಾಲೆಯ ಉತ್ತರ ಏನೋ ಗೊರಗೊರ ಎಂದು ಕಡಿದು ಹೋಯಿತು. ಅದರ ಬೆನ್ನಿಗೇ ಇದರ ಉತ್ತರ ಬಂತು.

"ವರದಕ್ಷಿಣೀನಾ? ನಾವು ತಗೊಳ್ಳೂದು…"

ಫಟ್! ಕರೆಂಟು ಹೋಯಿತು. ಅವತ್ತು ಗುರುವಾರ. ಗುರುವಾರ ದುರಸ್ತಿಗೆಂದು ಕರೆಂಟು ತೆಗೆಯುವುದು ಪುಣೆಯಲ್ಲಿ ಕೂಸಿಗೂ ಗೊತ್ತು.

ಕನ್ನಡ ಬಹಳ ಸುಂದರವಾದ ಭಾಷೆ. ಅದರಲ್ಲಿ ಒಂದೇ ತೊಂದರೆ. 'ಇಲ್ಲ' ಎಂಬುದು ವಾಕ್ಯದ ಕಟ್ಟಕಡೆಗೆ ಬರುತ್ತದೆ! ವ್ಯಾಕರಣದ ಮಾಸ್ತರರೂ ಆ 'ಇಲ್ಲ'ಕ್ಕಾಗಿ ಸ್ವಲ್ಪ ಹೊತ್ತು ಸತ್ತ ಫೋನಿನ ಮುಂದೆ ಕಾದರು. ಆಮೇಲೆ ಕೊಡೆ ಎತ್ತಿಕೊಂಡು ಎದ್ದರು.

"ಮಾಸ್ತರ್ರ, ಚಹಾ…"

"ಗಿರಿಜಕ್ಕನ ಮ್ಯಾಲೆ ಭಾಳ ಭರೋಸಾ ಇಟ್ಟಿದ್ದೆ. ದೇವರಿಲ್ಲ, ದಿಂಡರಿಲ್ಲ. ಸೋಮವಾರಕ್ಕೊಮ್ಮೆ ಇಸ್ಪೀಟು, ಅದೂ ಅಪ್ಪಾನಽ ಕಲಿಸ್ಯಾನ! ಮಗಳಿಗೆ ಏನಂತ ಹೇಳ್ಲಿ?"

ಹೀಗೆಂದು ಅವರು ಬಾಗಿಲು ದಾಟಿದರು. ಅಲ್ಲಿಯವರೆಗೂ ನನಗೆ ನನ್ನ ಫೋನಿನ ಮಾನವೇ ದೊಡ್ಡದಾಗಿತ್ತು. ಆಗ ಮಾತ್ರ ವಿನುತಾಳ ಮುಖ ಕಣ್ಣೆದುರು ಬಂತು. ಗಿರಿಜೆಗೆ ಸುದ್ದಿ ಮುಟ್ಟಿಸಬೇಕು. ಹೇಗೆ? ಹಳೆಯ ಫೋನಿಗೆ ಕರೆಂಟಿನ ಹಂಗಿರಲಿಲ್ಲ. ಅದು ಅಟ್ಟದ ಮೇಲೆ ಬಟ್ಟೆ ಹೊದ್ದು ಮಲಗಿತ್ತು. ನಮ್ಮಿಬ್ಬರಿಗೂ ಸೇರಿ ಇದ್ದ ಒಂದು ಮೊಬೈಲು ಗಿರಿಜೆಯ ಚೀಲದಲ್ಲಿತ್ತು. ಮಾಸ್ತರರ ಹಿಂದೆ ಓಡುವುದೊಂದೇ ಉಳಿದದ್ದು. ಓಡಿದೆ.

ಮೊದಲ ಮಹಡಿಯ ತಿರುವಿನಲ್ಲಿ ಕೆಳಗಿನಿಂದ ಏದುಸಿರು ಕೇಳಿಸಿತು. ಆ ಅರೆಗತ್ತಲೆಯಲ್ಲಿ ಚನ್ನಪ್ಪ ಸಾಹುಕಾರರು ಕಂಬಿ ಹಿಡಿದುಕೊಂಡು ಮೇಲೇರುತ್ತಿದ್ದರು. ಹಿಂದೆ ಗಿರಿಜೆ. ಕಿವಿ ಮಂದ ಎಂಬ ನನ್ನ ಮಾತು ಮುಟ್ಟಿದ ಗಳಿಗೆಯಲ್ಲೇ ಸಾಹುಕಾರರು ಎದ್ದು ನಿಂತಿದ್ದರಂತೆ. ಉಳಿದ ಉತ್ತರಗಳನ್ನು ನಿಂತೇ ಕೊಟ್ಟು, ಫೋನು ಸತ್ತೊಡನೆ ಸ್ವಾರಗೇಟಿನ ಮೇಲೆ ಹಾಯ್ದು ರಿಕ್ಷಾ ಓಡಿಸಿಕೊಂಡು ಬಂದಿದ್ದರು. ಮಾಸ್ತರರು ಮೆಟ್ಟಿಲು ನೋಡಿ ನೋಡಿ ಇಳಿಯುವವರಾದ್ದರಿಂದ, ಮತ್ತು ಪ್ರತಿ ಮೆಟ್ಟಿಲಿಗೂ ನಾನು ಅವರ ಕೋಟು ಹಿಡಿದು ಜಗ್ಗುತ್ತಿದ್ದುದರಿಂದ, ಅವರಿನ್ನೂ ಅಲ್ಲೇ ಇದ್ದರು.

"ಯಾರಿಗ್ರೀ ಕಿವಿ ಮಂದ?" ಎಂದು ಸಾಹುಕಾರರು ನನ್ನನ್ನು ನೋಡಿ ಗರ್ಜಿಸಿದರು.

"ಕಿವಿ ಬಿಡ್ರಿ. ಟೀಚರ್ ಕೆಲಸಾ ಮಾಡೂ ಹುಡುಗಿ ಹೊಸ್ತಿಲಾ ದಾಟಬಾರ್ದೇನ್ರಿ?" ಎಂದು ಮಾಸ್ತರರು ಮೇಲಿನಿಂದ ಗದರಿದರು.

"ಹಂಗ ಯಾರಂದ್ರು? ನಾ ಅಂದದ್ದು ಇಸ್ಪೀಟಿನವರಿಗೆ!"

"ಇಸ್ಪೀಟು ನೀವಽ ಕಲಿಸೀರಂತ!"

"ನಾ ಕಲಿಸಿದ್ದು ಗುಡಿಗೆ ಹೋಗೂದು!"

ಇಬ್ಬರೂ ಒಮ್ಮೆಲೇ ನನ್ನ ಕಡೆ ತಿರುಗಿದರು. ಗಿರಿಜೆ ನಡುವೆ ಬಂದಳು.

"ಇಬ್ಬರೂ ಕೂಡ್ರಿ. ಇಲ್ಲೇ, ಪಾವಟಿಗಿ ಮ್ಯಾಲೆ. ಮಾಸ್ತರ್ರ, ಒಂದು ಪ್ರಶ್ನಿ ಕೇಳ್ರಿ. ಸಾಹುಕಾರ್ರ, ಒಂದಽ ಉತ್ತರಾ ಕೊಡ್ರಿ. ಆಮ್ಯಾಲೆ ಮುಂದಿಂದು." ನನ್ನ ಕಡೆ ನೋಡದೆಯೇ, "ನೀವು ಬಾಯಿ ತೆಗೀಬ್ಯಾಡ್ರಿ" ಎಂದಳು.

ಮೆಟ್ಟಿಲ ಮೇಲೆ ಮರುಪರೀಕ್ಷೆ ನಡೆಯಿತು. ಸಾಹುಕಾರರ ಉತ್ತರಗಳು ಗುಂಡಿನ ಹಾಗೆ ಥಟ್ ಥಟ್ಟೆಂದು ಬಂದವು. ಕುಡಿತ? "ಇಲ್ರಿ!" ಗುಡಿ? "ಹೌದ್ರಿ!" ವರದಕ್ಷಿಣೆ? "ಇಲ್ಲ, ಇಲ್ಲ, ಇಲ್ರಿ!" ಕಡಿದುಹೋದೀತೆಂಬ ಭಯಕ್ಕೆ ಅವರು ಮೂರು ಸಲ ಹೇಳಿದರು. ಮಾಸ್ತರರ ಮುಖ ಅರಳುತ್ತ ಬಂತು. ಶಾಲೆಯ ಪ್ರಶ್ನೆಗೆ ಮಾತ್ರ ಸಾಹುಕಾರರು ತುಸು ಮೆತ್ತಗಾದರು.

"ಕಲಸ್ಲಿ ಬಿಡ್ರಿ. ನಮ್ಮವ್ವಗ ಓದ್ಲಿಕ್ಕೆ ಬರ್ತಿದ್ದಿಲ್ಲ. ಊರಿಂದ ಬಂದ ಪತ್ರಾ ಹಿಡಕೊಂಡು ಮಂದಿ ಮನಿಗೆ ಹೋಗಿ ನಿಂದರ್ತಿದ್ಲು. ಮನ್ಯಾಗ ಒಬ್ಬಾಕಿ ಟೀಚರ್ ಇದ್ರ ನಮಗ ಹೆಮ್ಮಿನಽ ಅಲ್ಲೇನ್ರಿ?"

ಮಾಸ್ತರರು ಸ್ವಲ್ಪ ಸರಿದು, ತಮ್ಮ ಪಕ್ಕದಲ್ಲಿ ಜಾಗ ಮಾಡಿ, ಸಾಹುಕಾರರನ್ನು ಅದೇ ಮೆಟ್ಟಿಲಿಗೆ ಕರೆದು ಕೂರಿಸಿಕೊಂಡರು. ಗಿರಿಜೆ ಮನೆಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ಸಂಬಂಧ ಗಟ್ಟಿಯಾಯಿತು.

ಮರುದಿನ ನಾನೇ ಜೋಶಿಯನ್ನು ಕರೆಸಿದೆ. ಅವನು ಮೊದಲು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿಹೋದ. ಫೋನಿಗೆ ಅದರದೇ ಲೈನು ಬಂತು, ಕಾಲಬುಡದಲ್ಲಿ ಯುಪಿಎಸ್ ಗುಂಯ್‌ಗುಡತೊಡಗಿತು. ದೇಶಪಾಂಡೆ ಸರ್ ಪಾಪ, ಬೇರೆ ಏರ್ಪಾಡು ಮಾಡಿಕೊಂಡರು. ಅಂದಿನಿಂದ ಫೋನು ಚೆನ್ನಾಗಿ ಕೆಲಸ ಮಾಡುತ್ತಿದೆ, ನಾನು ಅದರಿಂದ ದೂರ ಇದ್ದಷ್ಟು ದಿನ.

ಮದುವೆ ಅದ್ದೂರಿಯಾಗಿ ನಡೆಯಿತು. ಸಾಹುಕಾರರು ನನ್ನ ಹೆಗಲ ಮೇಲೆ ಕೈ ಹಾಕಿ ನೆಂಟರಿಗೆಲ್ಲ ಪರಿಚಯ ಮಾಡಿಸಿದರು. "ಇವರು ಗಿರಿಜಕ್ಕನ ಯಜಮಾನ್ರು. ಈ ಲಗ್ನಾ ತಪ್ಪಸ್ಲಿಕ್ಕೆ ಭಾಳ ಓಡ್ಯಾಡ್ಯಾರ!" ಜನ ನಕ್ಕರು. ನಾನೂ ನಕ್ಕೆ. ಬೇರೆ ದಾರಿಯಿರಲಿಲ್ಲ.

ಮೈಕು ಸರಿಯಿಲ್ಲವೆಂದು ಯಾರೋ ಅಂದರು. ನಾನು ಆ ಕಡೆ ಒಂದು ಹೆಜ್ಜೆ ಇಟ್ಟಿದ್ದೆನಷ್ಟೆ. ಗಿರಿಜೆ ಎಲ್ಲಿಂದಲೋ ಬಂದು ನನ್ನ ಕೈಗೆ ಬೆಳ್ಳಿಯ ಪನ್ನೀರುದಾನಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದಳು. "ಬಂದವರಿಗೆ ಇದನ್ನ ಸಿಂಪಡಸ್ರಿ. ಇದಕ್ಕ ವೈರೂ ಇಲ್ಲ, ಗುಂಡೀನೂ ಇಲ್ಲ."

ಇಷ್ಟನ್ನಾದರೂ ನಾನು ನಿಭಾಯಿಸಬಲ್ಲೆ ಎಂಬ ಅವಳ ನಂಬಿಕೆಗೆ ನನ್ನ ಎದೆ ತುಂಬಿ ಬಂತು. ಜರತಾರಿ ಸೀರೆಯುಟ್ಟ ಹಿರಿಯರೊಬ್ಬರು ಒಳಗೆ ಬಂದರು. ನಾನು ಮಂದಹಾಸ ಬೀರಿ, ಕೈಯೆತ್ತಿ, ಹದವಾಗಿ ಒಮ್ಮೆ ಕೊಡವಿದೆ.

ಪನ್ನೀರುದಾನಿಯ ಮೂತಿ ಕಳಚಿ ಅವರ ಸೆರಗಿಗೆ ಬಿತ್ತು. ಅದರ ಬೆನ್ನಿಗೇ ಪನ್ನೀರೆಲ್ಲವೂ!