ಹಗೇವಿನೊಳಗಿನ ಅಳು

"ಇನ್ನ ಮ್ಯಾಲೆ ಈ ಬೆಕ್ಕು ಹೊಸ್ತಿಲ ದಾಟಿ ಹೊರಗ ಹೋಗಂಗಿಲ್ಲ!"

ಶಲವಡಿಯ ವಿಜ್ಞಾನ ಮಾಸ್ತರ ಕಾಶಿನಾಥ ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಎತ್ತಿ ಹಿಡಿದು ಸಾರಿದ. ಕಾರಣ ಹಿತ್ತಲ ಬಾಗಿಲಲ್ಲೇ ಬಿದ್ದಿತ್ತು: ತಲೆಯಿಲ್ಲದ ಬುರ್ಲಿ ಹಕ್ಕಿ. ಹೊಲದಲ್ಲಿ ನೆಲದ ಮೇಲೆಯೇ ಗೂಡು ಕಟ್ಟುವ ಬಡಪಾಯಿ.

"ಬೆಕ್ಕು ಹಕ್ಕಿ ತಿನ್ನದ ಉಪ್ಪಿಟ್ಟು ತಿಂತೈತೇನೋ?" ಎಂದಳು ಕಣ್ಣು ಮಂಜಾದ ತಾಯಿ ನೀಲಕ್ಕ.

"ಮೊಸರನ್ನ ತಿಂತೈತಿ. ವಾರದಾಗ ಹೊಟ್ಟಿ ಹ್ಯಾಂಗ ಇಳದೈತಿ ಗೊತ್ತೇನು? ಪಥ್ಯ ಅಂದ್ರ ಇದು!"

ಹೆಂಡತಿ ಮಹಾನಂದಾ ಅಣ್ಣಿಗೇರಿಯ ತವರಿಗೆ ಹೋಗಿದ್ದಳು, ಅಡ್ಡ ಮಾತಾಡುವವರಿಲ್ಲ. ಕಾಶಿನಾಥ ಕಿಟಕಿಗಳಿಗೆ ಜಾಳಿಗೆ ಬಡಿದ. ಮೋರಿಗೆ ಇಟ್ಟಂಗಿ ಇಟ್ಟ. ಉಳಿದದ್ದು ಪಡಸಾಲೆಯ ಹಳೆಯ ಹಗೇವು, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಈಗ ಅರ್ಧ ಹೊಟ್ಟು, ಅರ್ಧ ಕತ್ತಲೆ. ಬೆಕ್ಕು ಅದರಲ್ಲಿ ಇಳಿದು ಹತ್ತುವುದನ್ನು ಕಂಡಿದ್ದ. ಕಳ್ಳದಾರಿ ಇದ್ದರೂ ಇದ್ದೀತು! ಬಾಯಿಗೆ ಕಲ್ಲುಚಪ್ಪಡಿ ಎಳೆದು, ಹಿರಿಯರು ಮಾಡುತ್ತಿದ್ದಂತೆ ಸುತ್ತಲೂ ಹಸಿ ಮಣ್ಣು ಮೆತ್ತಿದ.

ಬೆಕ್ಕು ಓಡಲಿಲ್ಲ, ಪರಚಲಿಲ್ಲ. ಚಪ್ಪಡಿಯ ಮೇಲೆ ಕುಳಿತು, ಕಣ್ಣು ಮಿಟುಕಿಸದೆ ನೆಲವನ್ನೇ ನೋಡತೊಡಗಿತು. ಮಧ್ಯಾಹ್ನವೂ ಅಲ್ಲೇ. ಬಟ್ಟಲಿನ ಮೊಸರನ್ನ ಒಣಗಿತು.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಆಗ ನೆಲ ಅತ್ತಿತು.

ಸಣ್ಣ, ಎಳೆದ, ಉಸಿರುಗಟ್ಟಿದ ಅಳು. ಕಾಶಿನಾಥನ ಅಂಗಾಲಿನ ಕೆಳಗಿನಿಂದಲೇ!

"ಕಾಶ್ಯಾ, ನಿಮ್ಮ ಮುತ್ತ್ಯಾ ಮಡಿವಾಳೆಪ್ಪ ಅಳಾಕತ್ತಾನ" ಎಂದಳು ನೀಲಕ್ಕ, ತಣ್ಣಗೆ.

"ಮುತ್ತ್ಯಾ ಸತ್ತು ಯಾವ ಕಾಲಾತು, ಅವ್ವಾ!"

"ಸತ್ತದ್ದು ಎಲ್ಲೆ? ಈ ಹಗೇವಿನಾಗ. ಕಾಳು ತಗ್ಯಾಕ ಇಳದಾಂವ ಮ್ಯಾಲೆ ಬರಲಿಲ್ಲ."

"ಒಳಗ ಕೆಟ್ಟ ಗಾಳಿ ಇತ್ತು. ಅದಕ್ಕ ಕಾರ್ಬನ್ ಡೈಆಕ್ಸೈಡ್ ಅಂತಾರ."

"ಹೆಸರಿಟ್ಟರ ದೆವ್ವ ಹೋಗತೈತೇನು?"

ಕಾಶಿನಾಥನ ಬಾಯಲ್ಲಿ ತಾನಾಗಿಯೇ "ಓಂ ನಮಃ ಶಿವಾಯ" ಬಂತು. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಅವನು ಕಿರುಚಿದ. ಒಳಗೆ ಬಂದದ್ದು ಮಹಾನಂದಾ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಟಾರ್ಚು.

"ನಾನು ಬಂದ್ರ ಹಿಂಗ್ಯಾಕ ಒದರತೀರಿ?" ಎಂದವಳು ಅಳು ಕೇಳಿ ನೆಲದತ್ತ ಟಾರ್ಚು ತಿರುಗಿಸಿದಳು. ಬೆಕ್ಕನ್ನು ನೋಡಿದಳು. ಅದರ ಹೊಟ್ಟೆಯನ್ನು ನೋಡಿದಳು. ಚೀಲ ಕೆಳಗೆ ಬಿತ್ತು.

"ಅಯ್ಯ ಶಿವನ! ಇದು ಈದೈತ್ರಿ! ಮರಿ ಒಳಗ ಅದಾವ! ಕಲ್ಲು ಎತ್ತರಿ, ಲಗೂನ!"

ಮುಂಜಾನೆಯಿಂದ ಗಾಳಿಯಿಲ್ಲ, ಹಾಲಿಲ್ಲ. ಕಾಶಿನಾಥ ಮೆತ್ತಿದ ಮಣ್ಣನ್ನು ಉಗುರಿನಿಂದಲೇ ಕೆರೆದು ಕಿತ್ತ. ಚಪ್ಪಡಿ ಸರಿಯಿತು, ಒಳಗಿಂದ ಮುಗ್ಗಲು ವಾಸನೆ ಎದ್ದಿತು. ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವುದು ರೂಢಿ; ಅದು ಆರಿದರೆ ಒಳಗಿನದು ಕೆಟ್ಟ ಗಾಳಿ, ಇಳಿಯಬಾರದು. ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟ. ಜ್ವಾಲೆ ಕುಗ್ಗಿತು, ತೇಲಾಡಿತು, ಆರಿಹೋಯಿತು.

ಅಳುವೂ ನಿಂತಿತು.

ಅವನ ಭುಜ ಸವರಿಕೊಂಡು ಬೆಕ್ಕು ಆ ಕತ್ತಲೆಗೆ ಹಾರಿತು. ಮೂವರೂ ಹಗೇವಿನ ಬಾಯಿಗೆ ಬಗ್ಗಿದರು. ಒಳಗೆ ಹೊಟ್ಟು ಸರಸರ ಎಂದಿತು. ಆಮೇಲೆ ಎರಡು ಹಸಿರು ಕಣ್ಣು ಮೇಲೇರಿ ಬಂದವು. ಬಾಯಲ್ಲಿ ಜೋತುಬಿದ್ದ ಒಂದು ಮುದ್ದೆ. ಅದನ್ನು ಕಾಶಿನಾಥನ ಪಾದದ ಮೇಲಿಟ್ಟು ಮತ್ತೆ ಇಳಿಯಿತು. ಅವನು ಆ ಮುದ್ದೆಯನ್ನು ಧೋತರದ ಚುಂಗಿನಿಂದ ತಿಕ್ಕಿದ, ಊದಿದ, ಬೇಡಿಕೊಂಡ. ಅದು ಕೆಮ್ಮಿದಂತೆ ಮಾಡಿ "ಮೀ" ಎಂದಿತು.

ಒಂದಾದ ಮೇಲೊಂದು ನಾಲ್ಕೂ ಬಂದವು. ನಾಲ್ಕೂ ಬದುಕಿದ್ದವು! ಕಾಶಿನಾಥ ಕಣ್ಣೊರೆಸಿಕೊಂಡ, ಹೊಟ್ಟಿನ ಧೂಳು ಎಂದ.

"ಪಥ್ಯ ಮಾಡಿಸಿದ್ರಂತಲ್ಲ, ಡಾಕ್ಟರ?" ಎಂದಳು ಅತ್ತೆಯಿಂದ ಎಲ್ಲ ಕೇಳಿ ತಿಳಿದ ಮಹಾನಂದಾ.

"ಏನಾರ ಅನ್ನು. ಆದ್ರ ಬೆಕ್ಕು ಹೊರಗ ಬಿಡಂಗಿಲ್ಲ. ಹಕ್ಕಿಗೂ ಮರಿ ಇರತಾವ."

"ಹೌದ್ರಿ, ಅದು ಖರೇ. ಇದು ಒಳಗ ಇರಲಿ" ಎಂದು ಒಪ್ಪಿದಳು. ಬೆಕ್ಕು ಆಗಲೇ ಮರಿಗಳನ್ನು ಮಾಸ್ತರರ ಹಾಸಿಗೆಗೆ ಸಾಗಿಸಿತ್ತು.

ಗೆದ್ದೆನೆಂದು ಕಾಶಿನಾಥ ಮಲಗಲು ಹೊರಟ. ನೀಲಕ್ಕ ಬಾಗಿಲಿಗೆ ಕೋಲು ಅಡ್ಡ ಹಿಡಿದಳು.

"ಎಲ್ಲಿಗೆ ಹೊಂಟಿ? ಬಾಣಂತಿ ಖೋಲಿಗೆ ಗಂಡಸರು ಹೋಗಬಾರದು. ಚಾಪಿ ತಗೊಂಡು ಕಟ್ಟಿ ಮ್ಯಾಲೆ ಮಲ್ಕೋ. ನಲವತ್ತು ದಿನ!"